ಒಂಟಿಯೋ ಜೋಡಿಯೋ

ಮನೆ ಕೊಳ್ಳುವುದನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿ, ಆ ಮನೆಯ ಬಾಗಿಲಿಗೆ ಚಿಲಕ ಆರಿಸಲು ವರ್ಷಗಟ್ಟಲೆ ತಿಣುಕುವ ಜನ ಇರುತ್ತಾರೆ. ನಮ್ಮ ಕುಟುಂಬಕ್ಕೆ ದೇವರು ದಯಪಾಲಿಸಿದ್ದು ನನ್ನ ಷಡ್ಡಕನನ್ನು. ಮೈಸೂರಿನ ಒಂಟಿಕೊಪ್ಪಲಿನವನು, ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ನೆಲೆಸಿ ಇಪ್ಪತ್ತು ವರ್ಷ. ಟೆಕ್ಸಸ್ಸಿನ ಗಾಳಿ ಕುಡಿದವರಿಗೆ ಒಂದಲ್ಲ ಒಂದು ದಿನ ಪಿಕಪ್ ಟ್ರಕ್ಕಿನ ಹುಚ್ಚು ಹಿಡಿಯುತ್ತದಂತೆ. ಇವನೂ ಫೋರ್ಡ್ ಎಫ್-150 ತಂದು ನಿಲ್ಲಿಸಿದ್ದಾನೆ. ಐದು ಲೀಟರಿನ ವಿ8 ಎಂಜಿನ್ನು. ಅದು ಇದುವರೆಗೆ ಹೊತ್ತ ಅತಿ ಭಾರದ ಸರಕು ಎರಡು ಚೀಲ ಸೋನಾ ಮಸೂರಿ.

ಬಣ್ಣ, ಸಾಲ, ವಿಮೆ ಯಾವುದರಲ್ಲೂ ಅವನಿಗೆ ಗೊಂದಲವಿಲ್ಲ. ಇರುವುದೊಂದೇ: ಹಿಂದೆ ಹೊಗೆ ಬಿಡುವ ಕೊಳವೆ ಒಂದಿರಬೇಕೋ ಎರಡಿರಬೇಕೋ?

ಹೋದ ಜುಲೈಯಲ್ಲಿ ಮೂರು ವಾರ ಅವನ ಮನೆಯಲ್ಲಿದ್ದೆವು. ಇಳಿದ ಮರುದಿನವೇ ಕಾದ ಕಾಂಕ್ರೀಟಿನ ಮೇಲೆ ಚಾಪೆ ಹಾಸಿ ನನ್ನನ್ನು ಟ್ರಕ್ಕಿನಡಿ ಮಲಗಿಸಿದ. ತಾನೂ ಪಕ್ಕದಲ್ಲಿ ಮಲಗಿ ಟಾರ್ಚು ಬಿಟ್ಟ. "ನೋಡು, ಎಂಟು ಸಿಲಿಂಡರು. ಈ ಕಡೆ ನಾಲ್ಕು, ಆ ಕಡೆ ನಾಲ್ಕು. ಎರಡೂ ಕಡೆ ಹೊಗೆ ಇಲ್ಲಿ ಕೂಡ್ತದೆ. ಮಫ್ಲರು ದಾಟಿ, ಆಕ್ಸಲ್ ಹತ್ತಿಳಿದು, ಬಲಗಡೆ ಚಕ್ರದ ಹಿಂದೆ ಒಂದೇ ಬಾಯಲ್ಲಿ ಹೊರಗೆ. ಅನ್ಯಾಯ ಅಲ್ವಾ?"

ಅನ್ಯಾಯವೆಂದೆ. ಬೆನ್ನು ಸುಡುವವನು ಯಾವುದಕ್ಕಾದರೂ ಹೂಂ ಎನ್ನುತ್ತಾನೆ.

"ಆದ್ರೆ..." ಎಂದ.

ಆ 'ಆದ್ರೆ'ಯ ಅಡಿಯಲ್ಲಿ ಇನ್ನೂ ಮುಕ್ಕಾಲು ಗಂಟೆ ಮಲಗಿದ್ದೆ. 3 ಇಂಚಿನ ಕೊಳವೆಯ ಬಾಯಿ ಸುಮಾರು 7 ಚದರ ಇಂಚು, 2.5 ಇಂಚಿನವು ಎರಡು ಹಾಕಿದರೆ ಹತ್ತಿರ ಹತ್ತಿರ 10. ಹಾಗಾಗಿ ಜೋಡಿಯೇ ಮೇಲು. ಆದ್ರೆ 3.5 ಇಂಚಿನದು ಒಂದನ್ನೇ ಹಾಕಿದರೂ ಲೆಕ್ಕ ಹೆಚ್ಚುಕಮ್ಮಿ ಅಲ್ಲಿಗೇ ಬಂತು, ತೂಕವೂ ಉಳಿಯಿತು. ಎಡಗಡೆಗೂ ಕೊಳವೆ ಒಯ್ಯಬೇಕೆಂದರೆ ಅಡಿಯಲ್ಲಿ ನೇತಾಡುವ ಸ್ಟೆಪ್ನಿಗೆ ಶಾಖ ತಾಗದಂತೆ ಸುತ್ತಿ ಹೋಗಬೇಕು. ಸರಿ, ಒಂಟಿಯೇ ಇರಲಿ. ಆದ್ರೆ ಹಿಂದಿನಿಂದ ನೋಡಿದವರು ಏನಂದಾರು?

ಆ ರಸ್ತೆಯಲ್ಲಿ ಅಂಚೆಯವನನ್ನು ಬಿಟ್ಟರೆ ನರಪಿಳ್ಳೆ ನಡೆದದ್ದನ್ನು ನಾನು ಕಂಡಿಲ್ಲ.

ರಾತ್ರಿ ಊಟಕ್ಕೆ ಕೂತರೆ ಫೋನಿನಲ್ಲಿ ಕಚೇರಿ. "ಇದು ಒಂಟಿ... ಇದು ಜೋಡಿ... ಗೊತ್ತಾಯ್ತಾ?" ನನಗೆ ಎರಡೂ ಹಿಟ್ಟಿನ ಗಿರಣಿ. ಪಾಪ ನೊಂದುಕೊಂಡಾನೆಂದು, "ಎರಡನೇದರಲ್ಲಿ ಮಂದ್ರ ಚೆನ್ನಾಗಿದೆ" ಅಂದೆ. ಕೆಟ್ಟೆ. ಮಂದ್ರ ಹೆಚ್ಚಾದರೆ ಹೆದ್ದಾರಿಯಲ್ಲಿ ಕ್ಯಾಬಿನ್ನಿನೊಳಗೆ ಗುಂಯ್ ಎಂದು ಒಂದೇ ಶ್ರುತಿ ಹಿಡಿದುಬಿಡುತ್ತದಂತೆ, ತಂಬೂರಿಯ ಬುರುಡೆಯಲ್ಲಿ ಕೂತ ಹಾಗೆ. ಅದರ ಹೆಸರು ಡ್ರೋನ್. ನಾದಿನಿ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದಳು.

ಮಫ್ಲರ್ ಅಂಗಡಿಗೆ ನಾಲ್ಕು ಸಲ ಹೋದೆವು. "ಪವರ್ ನಿನಗೆ ಗೊತ್ತಾಗುವಷ್ಟೇನೂ ಏರಲ್ಲ, ಕಿವಿಗೆ ಹಿತವಾದದ್ದು ಹಾಕಿಸು" ಎಂದು ಅಂಗಡಿಯ ಪುಣ್ಯಾತ್ಮ ಮೊದಲ ದಿನವೇ ಹೇಳಿಬಿಟ್ಟಿದ್ದ. ಮೂರನೇ ಸಲದಿಂದ ನಮ್ಮ ಟ್ರಕ್ ಕಂಡೊಡನೆ ಊಟಕ್ಕೆ ಹೊರಡುತ್ತಿದ್ದ.

ನಗಲು ನನಗೇನು ಹಕ್ಕಿದೆ? ಕನ್ನಡಕದ ಫ್ರೇಮಿಗೆಂದು ದೇವರಾಜ ಅರಸು ರಸ್ತೆಯನ್ನು ಮೂರು ಸಂಜೆ ಅಳೆದು, ಕೊನೆಗೆ ಹಳೆಯದಕ್ಕೇ ಸ್ಕ್ರೂ ಹಾಕಿಸಿಕೊಂಡು ಬಂದವನು ನಾನು.

ಹೊರಡುವ ಹಿಂದಿನ ರಾತ್ರಿ ಇನ್ನೊಂದು ಸದ್ದು ಕೇಳಿಸಿದ. ಟ್ರಕ್ಕಿನದಲ್ಲ, ಎಜ್ಡಿ ಬೈಕಿನದು. ಮೈಸೂರಿನ ಅವರ ಮನೆಯ ಹತ್ತಿರವೇ, ಯಾದವಗಿರಿಯಲ್ಲಿ, ಅದನ್ನು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ ಇತ್ತು. 1996ರಲ್ಲಿ ಬಾಗಿಲು ಹಾಕಿತು. "ಅಪ್ಪಂದು ಇದೇ ಗಾಡಿ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು ಕಣೋ! ಎಂಟಿರೋ ನಂದಕ್ಕೆ ಒಂದು!" ಆ ಸದ್ದು ತಿರುವಿನಲ್ಲಿ ಕೇಳಿದೊಡನೆ ಅವನಮ್ಮ ಒಲೆಯ ಮೇಲೆ ಕಾವಲಿ ಇಡುತ್ತಿದ್ದರಂತೆ. ಅಪ್ಪ ಕೈಕಾಲು ತೊಳೆದು ಬರುವಷ್ಟರಲ್ಲಿ ಮೊದಲ ದೋಸೆ ಎದ್ದಿರುತ್ತಿತ್ತು. ಪ್ಲೇನೋದಲ್ಲಿ ಗ್ಯಾರೇಜಿನ ಬಾಗಿಲು ರಿಮೋಟಿಗೆ ಏಳುತ್ತದೆ. ಒಳಗೆ ಯಾರೂ ತಲೆ ಎತ್ತುವುದಿಲ್ಲ.

ಮೊನ್ನೆ ಬೆಳಗಿನ ಐದಕ್ಕೆ ಫೋನು. "ಎರಡು ಕೊಳವೇನೂ ಒಂದೇ ಪಕ್ಕಕ್ಕೆ ಬಿಡೋದೂ ಇದೆ! ಅಪ್ಪನ ಗಾಡಿಗೆ ಟೇಪ್ ಹಿಡಿದು ಬಾಯಿ ಎಷ್ಟಗಲ ಹೇಳು." ಒಂಟಿಕೊಪ್ಪಲಿನ ಅವರ ಹಿತ್ತಿಲ ಶೆಡ್ಡಿನಲ್ಲಿ, ಧೂಳು ಹೊದ್ದ ಎಜ್ಡಿಯ ಹಿಂದೆ, ನಾನು ಮತ್ತೆ ನೆಲಕ್ಕೊರಗಿದೆ. ಬಲಗಡೆಯದರ ಬಾಯಿಗೆ ಕಣಜ ಮಣ್ಣು ಮೆತ್ತಿತ್ತು.

"ಒಂದು ಮುಚ್ಚಿಹೋಗಿದೆ, ಒಂದೇ ತೆರೆದಿರೋದು" ಅಂದೆ.

ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಆದ್ರೆ..."