ಕಾಲಾಣೆಯ ಕನ್ನಡ

ಕ್ರೈಸ್ತ ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿ ಎರಡು ವರ್ಷ ಕಳೆದವನಿಗೆ ವಾರ್ಡನ್ ಫಾದರರ ಪರಿಚಯ ಮಾಡಿಕೊಡಬೇಕಾದುದಿಲ್ಲ. ಕಳೆಯದವನಿಗೆ ಎಷ್ಟು ವರ್ಣಿಸಿದರೂ ನಂಬಿಕೆ ಹುಟ್ಟದು. ಪಾದದವರೆಗೆ ಇಳಿಬಿದ್ದ ಬಿಳಿಯ ನಿಲುವಂಗಿ, ಕೈಯಲ್ಲೊಂದು ಟಾರ್ಚು, ಕಾಲಲ್ಲಿ ಸದ್ದು ಮಾಡದ ರಬ್ಬರು ಅಟ್ಟೆಯ ಪಾದರಕ್ಷೆ, ಇವಿಷ್ಟು ಬಾಹ್ಯಲಕ್ಷಣಗಳು. ಅವರು ಬರುವುದು ಯಾರಿಗೂ ಕಾಣದು. ಬಂದುದು ಮಾತ್ರ ಕಾಣುವುದು. ಮುಂಜಾನೆ ಐದಕ್ಕೆ ಗಂಟೆ ಹೊಡೆಸುವವರು ಅವರು, ಸಂಜೆ ಆರಕ್ಕೆ ಗೇಟು ಮುಚ್ಚಿಸುವವರು ಅವರು. ಮನೆಯಿಂದ ಬಂದ ಕಾಗದವನ್ನು ನಮಗಿಂತ ಮೊದಲೇ ಓದಿ, ತಂಗಿಗೆ ವರ ನಿಶ್ಚಯವಾದುದಕ್ಕೆ ಅಭಿನಂದನೆ ಸಲ್ಲಿಸಿ, ಆಮೇಲೆ ಲಕೋಟೆಯನ್ನು ಕೈಗೀಯುವವರೂ ಅವರೇ. ಸಪ್ತ ಮಹಾಪಾಪಗಳ ಪಟ್ಟಿಯನ್ನು ಮಾಡಿದ ಪೂರ್ವಿಕರು ಸಿನೆಮಾವನ್ನು ಕಾಣದೆ ಹೋದುದರಿಂದ, ಎಂಟನೆಯದನ್ನು ಸೇರಿಸುವ ಹೊಣೆ ತಮ್ಮ ಮೇಲೆಯೇ ಬಿದ್ದಿತೆಂದು ಅವರು ತಿಳಿದಂತಿತ್ತು.

ಇವೆಲ್ಲವನ್ನೂ ನಾನು ಸಹಿಸಿದೆ. ಸಹಿಸಲಾರದೆ ಹೋದದ್ದು ಒಂದೇ: ಮರದ ಬಿಲ್ಲೆ.

ತೀರ್ಥಹಳ್ಳಿಯ ಕಡೆಯಿಂದ ಆಗುಂಬೆಯ ಘಟ್ಟವಿಳಿದು, ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಕಥೋಲಿಕ ಕಾಲೇಜಿಗೆ (ಹೆಸರು ಹೇಳಲಾರೆ, ಹಳೆಯ ದಂಡದ ಬಾಕಿ ಇದ್ದರೂ ಇರಬಹುದು) ಇಂಟರ್‌ಮೀಡಿಯೆಟ್ ಓದಲು ಬಂದಾಗ, ನನ್ನ ಬಳಿ ಇದ್ದದ್ದು ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ, ಒಂದು ಭರಣಿ ಮಾವಿನಮಿಡಿಯ ಉಪ್ಪಿನಕಾಯಿ ಮತ್ತು ಕನ್ನಡ. ಮೊದಲ ಮೂರಕ್ಕೆ ಪ್ರವೇಶ ದೊರೆಯಿತು. ನಾಲ್ಕನೆಯದಕ್ಕೆ ಸುಂಕ ತೆರಬೇಕಾಯಿತು. ವಿದ್ಯಾರ್ಥಿನಿಲಯದ ಆವರಣದಲ್ಲಿ ಇಂಗ್ಲಿಷಲ್ಲದೆ ಬೇರೆ ನುಡಿಯನ್ನಾಡಿದವನ ಕೈಗೆ ದಾರ ಕಟ್ಟಿದ ಮರದ ಬಿಲ್ಲೆಯೊಂದು ಬರುತ್ತಿತ್ತು. ಅವನು ಅದನ್ನು ಮತ್ತೊಬ್ಬ ಅಪರಾಧಿಯನ್ನು ಹುಡುಕಿ ದಾಟಿಸಬೇಕು. ರಾತ್ರಿಯ ಓದಿನ ಗಂಟೆ ಮುಗಿದಾಗ ಅದು ಯಾರ ಕೈಯಲ್ಲಿ ಉಳಿದಿದೆಯೋ ಅವನು ಫಾದರರ ಮೇಜಿನ ಮೇಲಿನ ತಗಡಿನ ಡಬ್ಬಿಗೆ ಕಾಲಾಣೆ ಹಾಕಬೇಕು. ಹೀಗೆ ಅರವತ್ತು ಮಂದಿ ಯುವಕರು ವಿದ್ಯೆಯನ್ನೂ ಗೂಢಚಾರಿಕೆಯನ್ನೂ ಏಕಕಾಲದಲ್ಲಿ ಕಲಿತೆವು. ತುಳುವರು ತುಳುವರನ್ನು, ಕೊಂಕಣಿಗರು ಕೊಂಕಣಿಗರನ್ನು ತಮ್ಮತಮ್ಮೊಳಗೇ ಕಾಪಾಡಿಕೊಳ್ಳುತ್ತಿದ್ದುದರಿಂದ, ಬಿಲ್ಲೆ ಸುತ್ತಿ ಸುಳಿದು ಘಟ್ಟದ ಮೇಲಿನವನಾದ ನನ್ನ ಕಿಸೆಯನ್ನೇ ಸೇರುತ್ತಿತ್ತು. ಮಳೆಗಾಲವೊಂದೇ ನನ್ನ ಮಿತ್ರ. ಹೆಂಚಿನ ಮಾಡಿನ ಮೇಲೆ ಜಡಿಮಳೆ ಸುರಿಯತೊಡಗಿತೆಂದರೆ ಯಾವ ಭಾಷೆಯಲ್ಲಿ ಕೂಗಿದರೂ ಫಾದರರಿಗೆ ಕೇಳುತ್ತಿರಲಿಲ್ಲ. ಆಷಾಢದಲ್ಲಿ ನಾನು ನಿರ್ಭೀತನಾಗಿ ಕನ್ನಡಿಗನಾಗಿದ್ದೆ.

ಒಮ್ಮೆ ಸಹಪಾಠಿಯೊಬ್ಬ ಬಿಲ್ಲೆಯನ್ನು ಬೆನ್ನ ಹಿಂದೆ ಹಿಡಿದು ಬಂದು, ಬೂಟುಗಾಲಿನಿಂದ ನನ್ನ ಕಿರುಬೆರಳನ್ನು ತುಳಿದ. ನಾನು “ಅಯ್ಯೋ” ಎಂದೆ. ಬಿಲ್ಲೆ ಬಂತು. ನಾನು ಫಾದರರ ಸನ್ನಿಧಿಗೆ ಹೋಗಿ, ‘ಅಯ್ಯೋ’ ಎಂಬುದು ತುಳುವಿನಲ್ಲಿಯೂ ತಮಿಳಿನಲ್ಲಿಯೂ ಮಲೆಯಾಳದಲ್ಲಿಯೂ ಸಮಾನವಾಗಿ ಸಲ್ಲುವ ಉದ್ಗಾರವಾದ್ದರಿಂದ, ಎಲ್ಲ ಭಾಷೆಗಳದ್ದಾದುದು ಯಾವ ಭಾಷೆಯದೂ ಅಲ್ಲವೆಂದು ದೀರ್ಘವಾಗಿ ವಾದಿಸಿದೆ. ತರ್ಕಶಾಸ್ತ್ರವನ್ನು ಅರೆದು ಕುಡಿದಿದ್ದ ಅವರು ಕಣ್ಣುಮುಚ್ಚಿ ಆಲಿಸಿ, “ಇಂಗ್ಲಿಷಿನದಂತೂ ಅಲ್ಲ” ಎಂದು ತೀರ್ಪಿತ್ತು, ಇನ್ನು ಮುಂದೆ ಕಾಲು ತುಳಿದರೆ “ಓ” ಎನ್ನಬೇಕೆಂದು ಹಿತೋಪದೇಶ ಮಾಡಿದರು. ಕೆರಳಿದ ನಾನು, ಹತ್ತಿರದ ಮಂಗಳೂರಿನಲ್ಲಿಯೇ ಮೋಗ್ಲಿಂಗ್ ಪಾದ್ರಿಗಳು 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದುದನ್ನೂ, ಕಿಟೆಲ್ ಪಾದ್ರಿಗಳ ಮಹಾನಿಘಂಟು 1894ರಲ್ಲಿ ಅಲ್ಲಿಯೇ ಅಚ್ಚಾದುದನ್ನೂ ಉಲ್ಲೇಖಿಸಿ, ಪಾದ್ರಿಗಳೇ ಪೋಷಿಸಿದ ನುಡಿಗೆ ಪಾದ್ರಿಗಳೇ ದಂಡ ವಿಧಿಸುವುದು ಯಾವ ನ್ಯಾಯವೆಂದು ಕೇಳಿದೆ. “ಅವರು ಪ್ರಾಟೆಸ್ಟೆಂಟರು” ಎಂದರು ಫಾದರ್. ನಮ್ಮ ತಲೆಯ ಮೇಲಿನ ಹೆಂಚಿನ ಉದ್ಯಮವನ್ನು 1865ರಲ್ಲಿ ಆರಂಭಿಸಿದವರೂ ಆ ಪಾದ್ರಿಗಳ ಬಾಸೆಲ್ ಮಿಶನ್ನಿನವರೇ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಮಾಡನ್ನು ಇಳಿಸಿಬಿಟ್ಟಾರೆಂದು ಹೆದರಿ ನುಂಗಿಕೊಂಡೆ.

ದೈವ ನ್ಯಾಯ ಮಾಡಿತು. ಒಂದು ರಾತ್ರಿ ಓದಿನ ಕೊಠಡಿಯಲ್ಲಿ ದೀಪ ಆರಿತು, ನಿಶ್ಶಬ್ದವಾಗಿ ಸಂಚರಿಸುತ್ತಿದ್ದ ಫಾದರರ ಮೊಣಕಾಲು ಬೆಂಚಿನ ಮೂಲೆಗೆ ತಗಲಿತು, ಕತ್ತಲೆಯೊಳಗಿಂದ “ಸಾಯ್ಬಾ ಭೊಗೊಸ್!” ಎಂಬ ಶುದ್ಧ ಕೊಂಕಣಿ ಆರ್ತನಾದ ಕೇಳಿಬಂತು. ಬಿಲ್ಲೆ ಅಂದು ನನ್ನ ಕಿಸೆಯಲ್ಲಿತ್ತು. ದೀಪ ಹತ್ತಿದೊಡನೆ, ಎಲ್ಲಿಂದ ಧೈರ್ಯ ಬಂತೋ ಕಾಣೆ, ಎದ್ದುಹೋಗಿ ಅದನ್ನು ಅವರ ಮುಂದೆ ಚಾಚಿದೆ. ಅವರು ಒಂದು ಕ್ಷಣ ನನ್ನನ್ನು ನೋಡಿ, ಬಿಲ್ಲೆಯನ್ನು ತೆಗೆದುಕೊಂಡು, ನಿಲುವಂಗಿಯ ಜೇಬಿನಿಂದ ಕಾಲಾಣೆಯೊಂದನ್ನು ತೆಗೆದು ಡಬ್ಬಿಗೆ ಹಾಕಿದರು. ಆಮೇಲೆ ಶಾಂತವಾಗಿ ಕೇಳಿದರು: “ಅದು ಕೊಂಕಣಿಯೆಂದು ನಿನಗೆ ಹೇಗೆ ತಿಳಿಯಿತು?” ಇಲ್ಲಿಗೆ ಬಂದ ಮೇಲೆ ಗೆಳೆಯರಿಂದ ಕಲಿತೆನೆಂದೆ. “ಹಾಗಾದರೆ ಗೆಳೆಯರೊಡನೆ ಕೊಂಕಣಿಯಾಡಿದ್ದೀಯೆ,” ಎಂದು ಬಿಲ್ಲೆಯನ್ನು ನನಗೇ ಮರಳಿಸಿದರು. ಆ ರಾತ್ರಿ ಅವರ ಕಾಲಾಣೆಯ ಮೇಲೆ ನನ್ನ ಕಾಲಾಣೆಯೂ ಬಿದ್ದ ಸದ್ದು ಇಂದಿಗೂ ಕಿವಿಯಲ್ಲಿದೆ.

ಲ್ಯಾಟಿನಿನಲ್ಲಿ ಪ್ರಾರ್ಥನೆ, ಇಂಗ್ಲಿಷಿನಲ್ಲಿ ಶಾಸನ, ಅಡುಗೆಯವನೊಡನೆ ತುಳುವಿನಲ್ಲಿ ಚೌಕಾಸಿ, ನೋವಿಗೆ ಕೊಂಕಣಿ, ಹೀಗೆ ಹಂಚಿಹೋಗಿದ್ದ ಅವರ ದಿನಚರಿಯಲ್ಲಿ ಕನ್ನಡಕ್ಕೆ ಗಳಿಗೆಯೇ ಇಲ್ಲವೆಂದು ನಾನು ತಿಳಿದಿದ್ದೆ. ಎರಡನೆಯ ವರ್ಷದ ಶ್ರಾವಣದಲ್ಲಿ ಜ್ವರ ಹಿಡಿದು ಮೂರು ದಿನ ಮಲಗಿದೆ. ನಡುರಾತ್ರಿ ಕಣ್ಣು ತೆರೆದಾಗ ಟಾರ್ಚಿನ ಬೆಳಕು ಗೋಡೆಯ ಮೇಲಿತ್ತು. ಕುಚ್ಚಲಕ್ಕಿಯ ಗಂಜಿಯ ಬಟ್ಟಲನ್ನು ಹಿಡಿದು ಫಾದರ್ ಮಂಚದ ಅಂಚಿನಲ್ಲಿ ಕುಳಿತಿದ್ದರು. “ಗಂಜಿ ಉಂಟು. ಸ್ವಲ್ಪ ಕುಡಿ ಮಾರಾಯ,” ಎಂದರು. ಅಭ್ಯಾಸಬಲದಿಂದ “ಥ್ಯಾಂಕ್ ಯೂ, ಫಾದರ್” ಎಂದೆ. “ಜ್ವರದಲ್ಲಿ ಇಂಗ್ಲಿಷ್ ಬೇಡ. ಆಯಾಸ ಆಗ್ತದೆ,” ಎಂದು ಹಣೆ ಮುಟ್ಟಿ ನೋಡಿದರು. ಬಟ್ಟಲಿನ ಅಂಚಿನಲ್ಲಿ ನನ್ನದೇ ಭರಣಿಯ ಮಾವಿನಮಿಡಿಯೊಂದಿತ್ತು. ಕಪಾಟಿನ ತಪಾಸಣೆಯೂ ಅವರ ಕರ್ತವ್ಯಗಳಲ್ಲಿ ಒಂದಷ್ಟೆ.

ಈಗ ನನ್ನ ಮೊಮ್ಮಕ್ಕಳು ಬೆಂಗಳೂರಿನಲ್ಲಿ ಯಾವ ಬಿಲ್ಲೆಯ ಭಯವೂ ಇಲ್ಲದೆ ತಾವಾಗಿಯೇ ಇಂಗ್ಲಿಷಾಡುತ್ತಾರೆ. ಕಾಲಾಣೆ ತೆತ್ತು ಆಡಿದ ನುಡಿಗೆ ನಮ್ಮಲ್ಲಿ ಬೆಲೆಯಿತ್ತು. ಪುಕ್ಕಟೆಯಾಗಿ ದೊರೆತುದನ್ನು ಯಾರು ತಾನೆ... ಉಪದೇಶಕ್ಕೆ ತೊಡಗಿದೆನೆಂದು ಕಾಣುತ್ತದೆ. ಇದೂ ಫಾದರರ ಸಹವಾಸದ ಫಲವೇ ಇರಬೇಕು. ಮೊನ್ನೆ ಹೊಸ್ತಿಲು ಎಡವಿ ಅದೇ ಕಿರುಬೆರಳಿಗೆ ಪೆಟ್ಟಾಯಿತು. ಬಾಯಿಯಿಂದ ಮೊದಲು ಹೊರಟದ್ದು “ಓ” ಎಂದೇ. ಅತ್ತಿತ್ತ ನೋಡಿ, ಬಿಳಿಯ ನಿಲುವಂಗಿ ಎಲ್ಲಿಯೂ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ನಿಧಾನವಾಗಿ “ಅಯ್ಯೋ” ಎಂದೆ.