ತುಲನಾರಾಯಣರ ಬೀಗ

ಬಾಗಿಲಿಗೆ ಹಾಕುವುದು ಬೀಗ, ಹೆಣ್ಣು ಕೊಟ್ಟು ತಂದವರು ಬೀಗರು. ನಿಘಂಟು ಏನೇ ಹೇಳಲಿ, ತುಲನಾರಾಯಣರ ಮಟ್ಟಿಗೆ ಎರಡನ್ನೂ ಹುಡುಕುವುದು ಒಂದೇ ಜಾತಿಯ ಕೆಲಸ. ಜಾತಕ ತರಿಸಬೇಕು, ಕುಲಗೋತ್ರ ನೋಡಬೇಕು, ಹಿಂದೆ ಏನಾದರೂ ಕಳಂಕವಿತ್ತೇ ಎಂದು ನಾಲ್ಕು ಕಡೆ ವಿಚಾರಿಸಬೇಕು. ಕೊನೆಗೆ ಹುಡುಗನ ಸೋದರಮಾವನಿಗೆ ಸಕ್ಕರೆ ಕಾಯಿಲೆಯಂತೆ ಎಂದು ಸಂಬಂಧವನ್ನೇ ಕೈಬಿಡಬೇಕು. ತುಲನಾರಾಯಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬಿರುದು. ತುಲನೆಯೇ ನಾರಾಯಣ ಎಂದು ನಂಬಿದ ಯಾರಿಗೂ ಇದು ಸಲ್ಲುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಹಡಿಗೊಬ್ಬರಂತೆ ಸಿಗುತ್ತಾರೆ; ಮೈಸೂರು, ಹುಬ್ಬಳ್ಳಿಗಳಲ್ಲೂ ಬರವಿಲ್ಲ. ನಲವತ್ತರ ಆಸುಪಾಸಿನ ವಯಸ್ಸು, ಕಂಪ್ಯೂಟರಿನ ಉದ್ಯೋಗ, ಯಾವ ಮಿಕ್ಸಿ ಒಳ್ಳೆಯದು ಎಂದು ಮೂರು ತಿಂಗಳು ವಿಚಾರ ಮಾಡಿ ಅಷ್ಟೂ ದಿನ ಚಟ್ನಿಪುಡಿಯಲ್ಲೇ ದೋಸೆ ತಿಂದ ಚರಿತ್ರೆ. ಸದ್ಯ ಅವರು ಎಲ್ಲ ಪಾಸ್‌ವರ್ಡುಗಳನ್ನೂ ಒಂದೇ ತಿಜೋರಿಯಲ್ಲಿ ಬೀಗ ಹಾಕಿಡುವ ಪಾಸ್‌ವರ್ಡ್ ಮ್ಯಾನೇಜರ್ ಆರಿಸುತ್ತಿದ್ದಾರೆ. ಸದ್ಯ ಎಂದರೆ 2021ರ ಮಾರ್ಚಿನಿಂದ. ಅಂಥ ತಿಜೋರಿ ಕೊಡುವ ಲಾಸ್ಟ್‌ಪಾಸ್ ಕಂಪನಿ ತನ್ನ ಬಿಟ್ಟಿ ಸೇವೆಯನ್ನು ಆ ತಿಂಗಳು ಫೋನಿಗೋ ಕಂಪ್ಯೂಟರಿಗೋ ಒಂದಕ್ಕೆ ಮಾತ್ರ ಎಂದು ಕಟ್ಟು ಹಾಕಿತು. ತುಲನಾರಾಯಣರು ಸಿಟ್ಟು ಮಾಡಿಕೊಂಡು ಅಲ್ಲಿಂದ ಹೊರಬಂದರು. ಬಂದವರು ಇನ್ನೂ ಯಾವ ಮನೆಯೊಳಗೂ ಕಾಲಿಟ್ಟಿಲ್ಲ.

ಇವರನ್ನು ಸೋಮಾರಿ ಎಂದು ಬೈಯುವುದು ಅನ್ಯಾಯ. ಅವರ ಎಕ್ಸೆಲ್ ಹಾಳೆಯನ್ನು ನೋಡಿದವರು ಆ ಮಾತು ಆಡುವುದಿಲ್ಲ. ಎಡಗಡೆ ಕೀಪಾಸ್, ಬಿಟ್‌ವಾರ್ಡನ್, ಒನ್‌ಪಾಸ್‌ವರ್ಡ್, ಗೂಗಲ್, ಆಪಲ್ ಎಂದು ಸಾಲುಗಳು. ಮೇಲುಗಡೆ ಬೆಲೆ, ಮೂಲಸಂಕೇತ ಬಯಲಲ್ಲಿದೆಯೇ, ಸರ್ವರ್ ಯಾವ ದೇಶದ್ದು, ಬೆರಳಚ್ಚು ನಡೆಯುತ್ತದೆಯೇ, ಕಂಪನಿ ಮುಳುಗಿದರೆ ಗತಿಯೇನು ಎಂದು ಕಾಲಮ್ಮುಗಳು. ಒಳ್ಳೆಯದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು, ವಿಚಾರಿಸಬೇಕಾದದ್ದಕ್ಕೆ ಅರಿಸಿನ ಬಣ್ಣ. ಹಾಳೆ ಒಟ್ಟಿನಲ್ಲಿ ಅರಿಸಿನವಾಗಿಯೇ ಕಾಣುತ್ತದೆ, ಶುಭಕಾರ್ಯ ಹತ್ತಿರವಿದೆ ಎಂಬಂತೆ. ಇಷ್ಟು ಶ್ರದ್ಧೆಯ ಹಾಳೆಯಲ್ಲಿ ಒಂದೇ ಒಂದು ಸಾಲು ಬಿಟ್ಟುಹೋಗಿದೆ: ಈ ಹೊತ್ತು ಅವರು ಬಳಸುತ್ತಿರುವ ವ್ಯವಸ್ಥೆಯ ಸಾಲು. ಅಂಗಡಿಯ ಬೀಗಗಳನ್ನು ಅವರು ಒಂದಕ್ಕೊಂದು ಹೋಲಿಸುತ್ತಾರೆ, ಎಲ್ಲೂ ಇಲ್ಲದ ಪರಿಪೂರ್ಣ ಬೀಗಕ್ಕೂ ಹೋಲಿಸುತ್ತಾರೆ. ಮನೆಯ ಬಾಗಿಲಿಗೆ ಈಗ ಕಟ್ಟಿರುವ ದಾರಕ್ಕೆ ಮಾತ್ರ ಹೋಲಿಸುವುದಿಲ್ಲ. ಇಡೀ ಲೆಕ್ಕ ಅಡ್ಡದಾರಿ ಹಿಡಿದಿರುವುದು ಇಲ್ಲಿ ಎಂಬುದೇ ನನ್ನ ವಾದ.

ಆ ಸಾಲನ್ನು ನಾವೇ ತುಂಬೋಣ. ತುಲನಾರಾಯಣರ ಪಾಸ್‌ವರ್ಡ್ ಎಂದರೆ ಮಗಳ ಹೆಸರು, ಒಂದು ಎಟ್ ಚಿಹ್ನೆ, ಅವಳು ಹುಟ್ಟಿದ ವರ್ಷ: ಅದಿತಿ@2014. ಮೊದಲ ಅಕ್ಷರ ಇಂಗ್ಲಿಷಿನ ದೊಡ್ಡಕ್ಷರ. ಬದಲಿಸಲೇಬೇಕು ಎಂದು ಹಟ ಹಿಡಿಯುವ ಜಾಲತಾಣದಲ್ಲಿ ಕೊನೆಗೊಂದು ಆಶ್ಚರ್ಯಸೂಚಕ ಚಿಹ್ನೆ ಬರುತ್ತದೆ, ಮತ್ತೆ ಬದಲಿಸು ಎಂದರೆ ಎರಡು. ರೈಲ್ವೆ ಟಿಕೆಟ್ಟು, ಆದಾಯ ತೆರಿಗೆ, ವಿದ್ಯುತ್ ಬಿಲ್ಲು, ಸೀರೆಯಂಗಡಿ, ಎಲ್ಲೆಡೆ ಅದಿತಿಯೇ ಕಾವಲು ನಿಂತಿದ್ದಾಳೆ. ಇದನ್ನು ಅವರೊಬ್ಬರ ದಡ್ಡತನ ಎನ್ನಲೂ ಆಗದು, ಏಕೆಂದರೆ ಅಭ್ಯಾಸ ಮಾಡಿಸಿದವರು ದೊಡ್ಡವರು. ಡೌನ್‌ಲೋಡ್ ಮಾಡಿದ ಆಧಾರ್ ಕಡತ ತೆರೆಯಲು ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ, ಇ-ಪ್ಯಾನ್‌ಗೆ ಜನ್ಮದಿನಾಂಕ. ಗುಟ್ಟು ಎಂದರೆ ನಿನ್ನ ಜಾತಕವೇ ಎಂದು ದೇಶವೇ ಹೇಳಿಕೊಟ್ಟಂತಾಯಿತು. ದೊಡ್ಡಕ್ಷರ, ಅಂಕಿ, ಚಿಹ್ನೆ, ಆಗಾಗ ಬದಲಾವಣೆ ಎಂಬ ಮಡಿಯ ನಿಯಮಗಳಂತೂ ಅಮೆರಿಕದಿಂದ ಬಂದವು. ಅಲ್ಲಿನ ನಿಸ್ಟ್ ಎಂಬ ಮಾನದಂಡ ಸಂಸ್ಥೆಗೆ 2003ರಲ್ಲಿ ಅವನ್ನು ಬರೆದುಕೊಟ್ಟ ಬಿಲ್ ಬರ್, 2017ರಲ್ಲಿ ಪತ್ರಿಕೆಯೊಂದರ ಮುಂದೆ ಅದಕ್ಕಾಗಿ ಪಶ್ಚಾತ್ತಾಪಪಟ್ಟರು. ಸಂಸ್ಥೆಯೂ ಅದೇ ವರ್ಷ ನಿಯಮ ಸಡಿಲಿಸಿ, ಸೋರಿಕೆಯ ಸುಳಿವಿಲ್ಲದೆ ಸುಮ್ಮಸುಮ್ಮನೆ ಬದಲಾಯಿಸಲು ಜನರನ್ನು ಕಾಡಬೇಡಿ ಎಂದಿತು. ಪುರೋಹಿತರೇ ಮಡಿ ಬಿಟ್ಟರೂ ನಮ್ಮ ಎಷ್ಟೋ ಜಾಲತಾಣಗಳು ಇನ್ನೂ ಒದ್ದೆ ಪಂಚೆಯಲ್ಲೇ ಇವೆ.

ಅದಿತಿಯ ಕಾವಲು ಎಷ್ಟು ಗಟ್ಟಿ? ಹತ್ತು ಸಾವಿರ ಹೆಸರು, ನೂರು ವರ್ಷ. ಗುಣಿಸಿದರೆ ಹತ್ತು ಲಕ್ಷ. ಯಂತ್ರಕ್ಕೆ ಅದು ಒಂದು ಆಕಳಿಕೆಯ ಕೆಲಸ. ಅದರ ಬದಲು ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ತೋರಿಸಿದ ಹಾದಿ ನೋಡಿ: 7,776 ಪದಗಳ ಪಟ್ಟಿ, ಒಂದೊಂದು ಪದಕ್ಕೂ ಐದು ಸಲ ದಾಳ ಹಾಕುವುದು. ಹೀಗೆ ನಾಲ್ಕು ಪದ ಸೇರಿದರೆ ಸಾಧ್ಯತೆಗಳು 36 ಕೋಟಿ ಕೋಟಿ ದಾಟುತ್ತವೆ. ‘ಹಲಸು ಮೋಡ ಪಂಚೆ ಇಸ್ಪೀಟು’ ಎಂಬಂಥದ್ದು. ಒಮ್ಮೆ ನಕ್ಕರೆ ಮರೆಯುವುದಿಲ್ಲ. ಆದರೆ ಆರಿಸಬೇಕಾದದ್ದು ದಾಳ, ನಾವಲ್ಲ, ನಾವು ಆರಿಸಿದರೆ ನಾಲ್ಕನೆಯ ಪದ ಮತ್ತೆ ಅದಿತಿಯೇ ಆಗುತ್ತಾಳೆ. ಇನ್ನು ದುರ್ಬಲತೆಗಿಂತ ದೊಡ್ಡ ರೋಗವೆಂದರೆ ಒಂದೇ ಕೀಲಿಯನ್ನು ಎಲ್ಲ ಬಾಗಿಲಿಗೂ ಬಳಸುವುದು. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ ಮೂರು ಕೋಟಿಗೂ ಹೆಚ್ಚು ಪಾಸ್‌ವರ್ಡುಗಳು ಗೂಢಲಿಪಿಯ ಹೊದಿಕೆಯೂ ಇಲ್ಲದೆ ಬೀದಿಗೆ ಬಂದವು. ಪಟ್ಟಿಯ ತಲೆಯ ಮೇಲೆ ಕೂತಿದ್ದದ್ದು 123456. ಒಂದು ಕಡೆ ಸೋರಿದ್ದನ್ನು ನೂರು ಕಡೆ ತಿರುಗಿಸಿ ನೋಡುವುದೇ ಈಗಿನ ಕಳ್ಳರ ಕಸುಬು. 2023ರಲ್ಲಿ ವಂಶವಾಹಿ ಪರೀಕ್ಷೆಯ 23ಆಂಡ್‌ಮಿ ಕಂಪನಿಯಲ್ಲಿ ಹೀಗೆ ಬೇರೆಡೆ ಸೋರಿದ ಕೀಲಿಗಳಿಂದ ತೆರೆದ ಖಾತೆಗಳು ಸುಮಾರು 14,000. ನಂಟಿನ ಎಳೆ ಹಿಡಿದು ಮಾಹಿತಿ ಹೋದದ್ದು ಸುಮಾರು 69 ಲಕ್ಷ ಜನರದ್ದು. ಸೀರೆಯಂಗಡಿಯ ಜಾಲತಾಣಕ್ಕೆ ಕನ್ನ ಬಿದ್ದರೆ ತುಲನಾರಾಯಣರ ಇಮೇಲಿನ ಬಾಗಿಲೂ ತೆರೆಯುವುದು ಹೀಗೆಯೇ.

ಇಷ್ಟು ಹೇಳಿದರೆ ಅವರು ಸುಮ್ಮನಾಗುವವರಲ್ಲ. ಬ್ರಹ್ಮಾಸ್ತ್ರವೊಂದಿದೆ: “ಲಾಸ್ಟ್‌ಪಾಸ್‌ಗೆ ಏನಾಯ್ತು ಗೊತ್ತಲ್ಲ?” ಆದದ್ದು ನಿಜವೇ. 2022ರ ಆಗಸ್ಟಿನಲ್ಲಿ ಕಳ್ಳರು ಒಳಹೊಕ್ಕರು, ಕಂಪನಿಯ ಎಂಜಿನಿಯರೊಬ್ಬರ ಮನೆಯ ಕಂಪ್ಯೂಟರಿನ ಮೂಲಕ ಮುಂದಿನ ಕೀಲಿ ಸಂಪಾದಿಸಿದರು, ಗ್ರಾಹಕರ ತಿಜೋರಿಗಳ ನಕಲನ್ನೇ ಹೊತ್ತೊಯ್ದರು. ಹಾಗೆಂದು ಕಂಪನಿ ಬಾಯಿಬಿಟ್ಟದ್ದು ಡಿಸೆಂಬರಿನಲ್ಲಿ. ಯಾವ ಯಾವ ಜಾಲತಾಣದಲ್ಲಿ ಖಾತೆಯಿದೆ ಎಂಬುದಕ್ಕೆ ಗೂಢಲಿಪಿಯ ಹೊದಿಕೆಯೇ ಇರಲಿಲ್ಲ ಎಂಬುದು ಇನ್ನೊಂದು ನಾಚಿಕೆ. ಇದನ್ನು ಸಮರ್ಥಿಸುವವರು ಯಾರೂ ಇಲ್ಲ. ಆದರೂ ಕಳ್ಳರು ಹೊತ್ತದ್ದು ಬೀಗ ಹಾಕಿದ ಪೆಟ್ಟಿಗೆಗಳನ್ನು. ಪೆಟ್ಟಿಗೆ ತೆರೆಯುವ ಮಾಸ್ಟರ್ ಪಾಸ್‌ವರ್ಡ್ ಕಂಪನಿಯ ಬಳಿ ಇರುವುದೇ ಇಲ್ಲ. ಅದು ‘ಹಲಸು ಮೋಡ’ದ ಜಾತಿಯದ್ದಾಗಿದ್ದವರ ಪೆಟ್ಟಿಗೆ ಒಡೆಯುವುದು ಬಲು ಕಷ್ಟ, ‘ಅದಿತಿ’ಯ ಜಾತಿಯದ್ದಾಗಿದ್ದವರಿಗೆ ನಿಜವಾದ ಆತಂಕ. ಅಂದರೆ ಆ ದುರಂತದ ಸಾಕ್ಷ್ಯ ಹೇಳುವುದು ತಿಜೋರಿ ಬೇಡ ಎಂದಲ್ಲ, ಕಂಪನಿಯನ್ನು ನೋಡಿ ಆರಿಸು, ಅದರ ಮೇಲೆ ಬೀಗವನ್ನೂ ಗಟ್ಟಿ ಹಾಕು ಎಂದು. ತುಲನಾರಾಯಣರು ಮಾತ್ರ ಅದರಿಂದ ತೆಗೆದ ತೀರ್ಮಾನ ಬೇರೆ: ಬ್ಯಾಂಕ್ ದರೋಡೆಯ ಸುದ್ದಿ ಓದಿ ಒಡವೆಗಳನ್ನು ಜಗಲಿಯ ಮೇಲೆ ಹರಡಿದರು.

ಹಾಗಾದರೆ ಬೀಗಗಳಲ್ಲಿ ವ್ಯತ್ಯಾಸವೇ ಇಲ್ಲವೇ? ಇದೆ. ಡೊಮಿನಿಕ್ ರೈಶ್ಲ್ 2003ರಲ್ಲಿ ಹೊರತಂದ ಕೀಪಾಸ್ ಸ್ವಯಂಪಾಕಿ: ತಿಜೋರಿ ಎಂದರೆ ನಿಮ್ಮದೇ ಕಂಪ್ಯೂಟರಿನ ಒಂದು ಕಡತ, ಯಾರ ಸರ್ವರಿನ ಎಂಜಲೂ ತಾಕುವುದಿಲ್ಲ. ಆದರೆ ಫೋನಿಗೂ ಕಂಪ್ಯೂಟರಿಗೂ ಹೊಂದಿಸುವುದು, ನಕಲು ತೆಗೆದಿಡುವುದು, ಪಾತ್ರೆ ತೊಳೆಯುವುದು ಎಲ್ಲವೂ ನೀವೇ. 2016ರ ಬಿಟ್‌ವಾರ್ಡನ್ ಮೂಲಸಂಕೇತವನ್ನು ಬಯಲಲ್ಲಿಟ್ಟಿದೆ, ಎಷ್ಟು ಫೋನು ಕಂಪ್ಯೂಟರಿದ್ದರೂ ಬಿಟ್ಟಿಯಾಗಿ ನಡೆಯುತ್ತದೆ, ನೋಡಲು ಸರ್ಕಾರಿ ಕಚೇರಿಯಷ್ಟೇ ಸುಂದರ. ಕೆನಡಾದ ಒನ್‌ಪಾಸ್‌ವರ್ಡ್‌ಗೆ ಚಂದಾ ಕಟ್ಟಲೇಬೇಕು. ಅಲ್ಲಿ ಬ್ಯಾಂಕ್ ಲಾಕರಿನಂತೆ ಎರಡು ಕೀಲಿ, ಆದರೆ ಲಾಕರಿನಲ್ಲಿ ಒಂದು ಬ್ಯಾಂಕಿನವರ ಕೈಯಲ್ಲಿದ್ದರೆ ಇಲ್ಲಿ ಎರಡೂ ನಿಮ್ಮ ಕೈಯಲ್ಲೇ, ಹಾಗಾಗಿ ಅವರ ಸರ್ವರ್ ಕದ್ದವನಿಗೆ ನಿಮ್ಮ ಮಾಸ್ಟರ್ ಪಾಸ್‌ವರ್ಡ್ ಊಹಿಸಿದರೂ ಸಾಲದು. ಗೂಗಲ್, ಆಪಲ್‌ಗಳದ್ದು ಫೋನಿನ ಜೊತೆ ಬಂದ ಬೀಗ; ಆಪಲ್ 2024ರ ಸೆಪ್ಟೆಂಬರಿನಲ್ಲಿ ಅದಕ್ಕೆ ಪ್ರತ್ಯೇಕ ಆಪ್ ಮಾಡಿತು. ಫೋನಿನ ಜಾತಿ ಬದಲಿಸುವಾಗ ಒಂದಿಷ್ಟು ಪರದಾಟವಿದೆ, ಅಷ್ಟೇ. ಈ ವ್ಯತ್ಯಾಸಗಳೆಲ್ಲ ಸೇರಿದರೂ ಯಾವುದಾದರೊಂದು ಇರುವುದಕ್ಕೂ ಒಂದೂ ಇಲ್ಲದಿರುವುದಕ್ಕೂ ನಡುವಿನ ಅಂತರದ ಮುಂದೆ ಲೆಕ್ಕಕ್ಕಿಲ್ಲ. ಐದೂ ಉದ್ದುದ್ದ ಗುಟ್ಟುಗಳನ್ನು ಹುಟ್ಟಿಸುತ್ತವೆ, ಬಾಗಿಲಿಗೊಂದು ಕೀಲಿ ಕೊಡುತ್ತವೆ. ಪ್ಲಗಿನ್ ಇಲ್ಲದ ಕೀಪಾಸ್ ಬಿಟ್ಟು ಉಳಿದವಕ್ಕೆ ಜಾಲತಾಣದ ವಿಳಾಸ ನೋಡಿ ತಾವೇ ತುಂಬುವ ಗುಣವೂ ಇದೆ: ಬ್ಯಾಂಕಿನ ಹೆಸರಿನಲ್ಲಿ ಒಂದಕ್ಷರ ಬದಲಿಸಿದ ನಕಲಿ ಪುಟದ ಮುಂದೆ ನಮ್ಮ ಕಣ್ಣು ಮೋಸ ಹೋಗುತ್ತದೆ, ತಿಜೋರಿ ಬಾಯಿಬಿಡುವುದಿಲ್ಲ. ಹೆಸರಿನ ಅಕ್ಷರ ಅಕ್ಷರವೂ ತಾಳೆಯಾಗಬೇಕು ಎನ್ನುವ ಸಬ್‌ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತರಿಗೆ ನಾವು ಕೈಮುಗಿಯಬೇಕಾದ ಏಕೈಕ ಸಂದರ್ಭ ಇದು.

ಎಲ್ಲ ಮೊಟ್ಟೆಯೂ ಒಂದೇ ಬುಟ್ಟಿಯಲ್ಲಿ ಬೇಡ ಎಂಬುದು ಮುಂದಿನ ತಕರಾರು, ಅದೂ ಮೊಟ್ಟೆ ಮುಟ್ಟದವರಿಂದ. ಆದರೆ ಈಗಿನ ಅವಸ್ಥೆ ಬೇರೆ ಬೇರೆ ಬುಟ್ಟಿಯದ್ದೇನಲ್ಲ. ಐವತ್ತು ಬುಟ್ಟಿಗೂ ಒಂದೇ ಮುಚ್ಚಳ. ಮಾಸ್ಟರ್ ಪಾಸ್‌ವರ್ಡ್ ಮರೆತರೆ ಯಾರೂ ತೆಗೆದುಕೊಡುವುದಿಲ್ಲವಲ್ಲ ಎಂಬುದು ತೂಕದ ಮಾತು, ನಿಜವೂ ಹೌದು. ಅದಕ್ಕೆ ಮದ್ದು ಒಂದು ಚೀಟಿ. ಮನೆಯ ಕ್ರಯಪತ್ರ ಇಟ್ಟ ಜಾಗದಲ್ಲಿ ಅದೂ ಇರಲಿ, ನಾಳೆ ಹೆಂಡತಿ ಮಕ್ಕಳಿಗೂ ಬೇಕಾಗುತ್ತದೆ. ಬ್ಯಾಂಕಿಗೆ ಒಟಿಪಿ ಇದೆಯಲ್ಲ ಎಂದರೆ, ಇದೆ, ಆ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ಕಟ್ಟುನಿಟ್ಟಿನಿಂದ ನಮಗೆ ಉಪಕಾರವೇ ಆಗಿದೆ. ಆದರೆ ಉಳಿದ ಬಾಗಿಲುಗಳ ಕೀಲಿ ಕಳೆದಾಗ ಹೊಸ ಕೀಲಿ ಬಂದು ಬೀಳುವುದು ಇಮೇಲಿಗೆ, ಅಲ್ಲಿ ಕಾವಲಿರುವುದು ಅದೇ ಹುಡುಗಿ. ಫೋನಿನ ಬೆರಳಚ್ಚಿನಲ್ಲೇ ಒಳಬಿಡುವ ಪಾಸ್‌ಕೀ ಬರುತ್ತಿದೆ, ಪಾಸ್‌ವರ್ಡೇ ಹೋಗುತ್ತದೆ ಎಂಬುದು ಇತ್ತೀಚಿನ ಆಕ್ಷೇಪ. ಬರುತ್ತಿದೆ, ಸಂತೋಷ. ಮೆಟ್ರೊ ಬರುತ್ತದಲ್ಲ ಎಂದು ಬಿಎಂಟಿಸಿ ಬಸ್ಸು ಹತ್ತದೆ ವರ್ಷಗಟ್ಟಲೆ ನಿಲ್ದಾಣದಲ್ಲಿ ನಿಂತವರನ್ನು ನಾವು ಕಂಡಿಲ್ಲ. ತುಲನಾರಾಯಣರೂ ಆಫೀಸಿಗೆ ಬಸ್ಸಿನಲ್ಲೇ ಹೋದರು. ಇದೊಂದು ವಿಷಯದಲ್ಲಿ ಮಾತ್ರ ನಿಂತಿದ್ದಾರೆ. ಅಂದಹಾಗೆ ಆ ಪಾಸ್‌ಕೀಗಳೂ ಬಂದು ಕೂರುವುದು ಹೆಚ್ಚಾಗಿ ಇದೇ ಮ್ಯಾನೇಜರುಗಳ ಹೊಟ್ಟೆಯಲ್ಲಿ.

ಇವರ ಹಾಳೆಯಲ್ಲಿ ಜಾಗ ಸಿಗದ ಇನ್ನೊಂದು ವ್ಯವಸ್ಥೆ ಇವರ ಹೆತ್ತವರ ಮನೆಯಲ್ಲೇ ಇದೆ. ತುಲನಾರಾಯಣರು ಅದನ್ನು ಕಂಡರೆ ಹಣೆ ಚಚ್ಚಿಕೊಳ್ಳುತ್ತಾರೆ: ನಿವೃತ್ತ ತಂದೆಯ ಡೈರಿ. ವಿಮೆಯ ಏಜೆಂಟರು ಹೊಸ ವರ್ಷಕ್ಕೆ ಕೊಟ್ಟದ್ದು, ರೆಕ್ಸಿನ್ ಹೊದಿಕೆ, ಬೀರುವಿನ ಒಳಖಾನೆಯಲ್ಲಿ ವಾಸ. ಅಕಾರಾದಿಯಾಗಿ ಪುಟ ಹಂಚಿಕೆ. ‘ಗ’ದಲ್ಲಿ ಗ್ಯಾಸು, ‘ಬ’ದಲ್ಲಿ ಬೆಸ್ಕಾಂ, ‘ಪ’ದಲ್ಲಿ ಪಿಂಚಣಿ. ದೊಡ್ಡಕ್ಷರದ ಕೆಳಗೆ ಗೆರೆ, ಸೊನ್ನೆಯ ಮೇಲೆ ‘ಸೊನ್ನೆ’ ಎಂದೇ ಕನ್ನಡದಲ್ಲಿ ಟಿಪ್ಪಣಿ, ಓ ಅಕ್ಷರವೆಂದು ತಪ್ಪು ತಿಳಿಯದಿರಲಿ ಎಂದು. ಹಳೆಯದನ್ನು ಸ್ಕೇಲು ಇಟ್ಟು ಹೊಡೆದುಹಾಕಿ ಪಕ್ಕದಲ್ಲಿ ಹೊಸದು, ತಾರೀಖು ಸಮೇತ. ನೆನಪಿಡುವ ಗೋಜಿಲ್ಲದ್ದರಿಂದ ಒಂದೊಂದೂ ಬೇರೆ ಬೇರೆ, ಒಂದೊಂದೂ ಉದ್ದ. ಇದು ಅಜ್ಞಾನ ಎನ್ನುವವರು ಭದ್ರತಾ ತಜ್ಞ ಬ್ರೂಸ್ ಷ್ನೈಯರ್ 2005ರಲ್ಲಿ ಕೊಟ್ಟ ಸಲಹೆ ನೋಡಬೇಕು: ಗಟ್ಟಿಯಾದದ್ದನ್ನು ಬರೆದು, ಬೆಲೆಬಾಳುವ ಇತರ ಕಾಗದದ ಚೂರುಗಳ ಜೊತೆ ಪರ್ಸಿನಲ್ಲಿಟ್ಟುಕೊಳ್ಳಿ ಎಂದರು ಅವರು. 1960ರ ದಶಕದ ಆರಂಭದಲ್ಲಿ ಎಂಐಟಿಯ ಕಂಪ್ಯೂಟರಿಗೆ ಪಾಸ್‌ವರ್ಡ್ ಎಂಬುದನ್ನು ತಂದ ಫರ್ನಾಂಡೊ ಕೊರ್ಬಾಟೊ ಕೂಡ, ಮುಪ್ಪಿನಲ್ಲಿ, 2014ರಲ್ಲಿ, ತಮ್ಮ ಗುಟ್ಟುಗಳನ್ನೆಲ್ಲ ಮೂರು ಹಾಳೆಗಳ ಮೇಲೆ ಟೈಪು ಮಾಡಿಟ್ಟುಕೊಂಡದ್ದನ್ನು ಒಪ್ಪಿಕೊಂಡರು. ಮನೆಗೆ ಬೆಂಕಿ ಬಿದ್ದರೆ ಡೈರಿ ಹೋಗುತ್ತದೆ, ನಕಲಿ ಪುಟವನ್ನು ಅದು ಗುರುತಿಸುವುದಿಲ್ಲ, ಪ್ರಯಾಣದಲ್ಲಿ ಜೊತೆಗೆ ಬರುವುದಿಲ್ಲ. ತಿಜೋರಿ ಅದಕ್ಕಿಂತ ಮೇಲೆಂಬುದರಲ್ಲಿ ಸಂಶಯವಿಲ್ಲ. ಆದರೆ ರಷ್ಯಾದಲ್ಲಿ ಕೂತ ಕಳ್ಳ ಬಸವನಗುಡಿಯ ಬೀರು ತೆರೆಯಲಾರ. ಅದಿತಿಗಿಂತ ಅದಿತಿಯ ತಾತನೇ ಗಟ್ಟಿ ಕಾವಲುಗಾರ.

ತಿಂಗಳ ಕೊನೆಯಲ್ಲಿ ಈ ಎರಡು ಪಂಥಗಳು ಫೋನಿನಲ್ಲಿ ಮುಖಾಮುಖಿಯಾಗುತ್ತವೆ.

“ಅಪ್ಪಾ, ನಿನ್ನ ಮನೆ ಬೆಸ್ಕಾಂದು ಏನಿತ್ತು? ಎಷ್ಟು ಸಲ ಹಾಕಿದ್ರೂ ತಪ್ಪು ಅಂತಿದೆ.”

“ತಡಿಯೋ, ಕನ್ನಡಕ ಹಾಕ್ಕೋತೀನಿ. ಹಾಂ... ಮೊದಲನೇದು ದೊಡ್ಡಕ್ಷರ. ಪೆನ್ನು ತಗೊಂಡ್ಯಾ?”

“ಪೆನ್ನೆಲ್ಲಪ್ಪಾ ಈಗ! ವಾಟ್ಸ್‌ಆಪ್‌ನಲ್ಲಿ ಹಾಕಿಬಿಡು.”

“ಅದ್ರಲ್ಲೆಲ್ಲ ಹಾಕಬಾರ್ದು ಅಂತ ಹೋದ ಯುಗಾದಿಗೆ ನೀನೇ ಒಂದು ಗಂಟೆ ಕೊರೆದ್ಯಲ್ಲೋ. ಪೆನ್ನು ತಗೊಂಡು ಬಾ, ಲೈನಿನಲ್ಲೇ ಇರ್ತೀನಿ.”