ಸಾಲಿ ಮಾಮಾ

ಓಣಿಗೊಬ್ಬರಾದರೂ ಇರುತ್ತಾರೆ ಇಂಥವರು. ದಾಂಡೇಲಿಯ ನಮ್ಮ ಓಣಿಯವರಿಗೆ ಸಾಲಿ ಮಾಮಾ ಎಂದೇ ಹೆಸರು. ಈ ಸಲ ಮೊಮ್ಮಗಳನ್ನು ಒಂದನೇ ಇಯತ್ತೆಗೆ ಹಚ್ಚಬೇಕಿತ್ತು. ಅಷ್ಟಕ್ಕೇ ನಾಲ್ಕು ತಾಲೂಕಿನ ಸರಕಾರಿ ಶಾಲೆಗಳ ಜಾತಕ ಅಂಗಿಜೇಬು ಸೇರಿತು. “ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಲ್ಲಾ ಶಿರಸಿ ಶೈಕ್ಷಣಿಕ ಜಿಲ್ಲಾನ ಅಲ್ರೀ? ಅದ ಪುಸ್ತಕ, ಅದ ಹಾಲಿನ ಪುಡಿ. ಮತ್ತ ಫರಕ್ ಯಾಕ?”

2013ರಲ್ಲಿ ಕ್ಷೀರಭಾಗ್ಯ ಬಂದಾಗಿನಿಂದ ಮಾಮಾ ಹಾಲಿನ ನೊರೆ ನೋಡಿಯೇ ಹೆಡ್‌ಮಾಸ್ತರರ ಶಿಸ್ತು ಅಳೆಯುತ್ತಾರೆ. ಬಿಸಿಯೂಟದ ಸಾರಿನಲ್ಲಿ ಸೌಟು ತಿರುವಿದಾಗ ಬೇಳೆ ಮೇಲೆದ್ದರೆ ಶಾಲೆ ಪಾಸು. ಪಾಠ ಕೇಳಲು ಮಾತ್ರ ಹೊತ್ತು ಸಿಗುವುದಿಲ್ಲ, ಬಸ್ ತಪ್ಪುತ್ತದೆ.

ಜೋಯಿಡಾದ ಕಾಡೊಳಗಿನ ಶಾಲೆಗಳೆಂದರೆ ಭಾರೀ ಮೋಹ. “ಕಾಯ್ದೆ ಪ್ರಕಾರ ಮೂವತ್ತು ಮಕ್ಕಳಿಗೆ ಒಬ್ಬರು ಮಾಸ್ತರು. ಅಲ್ಲಿ ಒಂಬತ್ತಕ್ಕ ಒಬ್ಬರು! ಲಂಡನ್ನಿನಾಗ ಸಿಗತದೇನ್ರೀ?” ಆ ಒಬ್ಬರೇ ಐದೂ ಇಯತ್ತೆಗೆ ಕಲಿಸಿ, ಮೊಟ್ಟೆ ಎಣಿಸಿ, ಸಿಗ್ನಲ್ ಸಿಗುವ ದಿಬ್ಬ ಹತ್ತಿ ಮೊಬೈಲಿನಲ್ಲಿ ಮಾಹಿತಿ ತುಂಬುತ್ತಾರೆ. ಅವರು ಮೀಟಿಂಗಿಗೆ ಹೋದ ದಿನ ಒಂಬತ್ತಕ್ಕೆ ಸೊನ್ನೆ. ಅದು ಮಾಮಾರ ಲೆಕ್ಕಕ್ಕೆ ಬರುವುದಿಲ್ಲ.

ಹಳಿಯಾಳ ಕಡೆಯ ಮರಾಠಿ ಶಾಲೆಯೊಂದರಲ್ಲಿ ಹುಡುಗಿಯೊಬ್ಬಳಿಗೆ ಹದಿನೇಳರ ಮಗ್ಗಿ ಕೇಳಿದರು. ಅವಳು ಮರಾಠಿಯಲ್ಲಿ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಳು. ಸರಿಯೋ ತಪ್ಪೋ? ಮಾಮಾ ಬೆನ್ನ ಹಿಂದೆ ಬೆರಳು ಮಡಚುತ್ತ ಹದಿನೇಳು ಮೂರಲೆ ಐವತ್ತೊಂದರವರೆಗೆ ಏಗಿ, “ಶಾಬಾಸ್” ಅಂದು, ಶಾಲೆಗೆ ನೂರಕ್ಕೆ ನೂರು ಕೊಟ್ಟು ಹೊರಬಿದ್ದರು.

ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೆ ಹೋದದ್ದು ಶಾಲೆ ನೋಡಲಿಕ್ಕೇ. ಕಂಡದ್ದು ಡ್ರೆಪುಂಗ್ ಮಠದ ಭಿಕ್ಷುಗಳು ಕಾಲು ಅಪ್ಪಳಿಸಿ, ಚಪ್ಪಾಳೆ ತಟ್ಟಿ ನಡೆಸುವ ತರ್ಕ. ಬಂದವರೇ ನಮ್ಮೂರ ಅಕ್ಕೋರಿಗೆ, “ನಲಿ-ಕಲಿಯೊಳಗ ಇದನ್ನೂ ಸೇರಸ್ರಿ” ಅಂದರು. ಮೂರು ಇಯತ್ತೆಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಸಂಭಾಳಿಸುತ್ತಿದ್ದ ಅಕ್ಕೋರು ಹೇಳಿದ್ದಿಷ್ಟು: “ಚಪ್ಪಾಳಿ ಬ್ಯಾಡ್ರಿ ಮಾಮಾ, ಇದ್ದ ಗದ್ದಲಾನ ಸಾಕಾಗೇದ.”

ಈ ತಪಾಸಣೆ ಮುಗಿಯುವಷ್ಟರಲ್ಲಿ ಜೂನ್ ಬಂದಿತ್ತು. ಮಾಮಿ ಆಧಾರ್ ಕಾರ್ಡು, ಜನನ ದಾಖಲೆ ಒಯ್ದು ಮನೆ ಹಿಂದಿನ ಶಾಲೆಯಲ್ಲೇ ಹೆಸರು ಹಚ್ಚಿ ಬಂದಿದ್ದರು.

“ಏನ್ ನೋಡಿ ಹಚ್ಚಿದಿ?” ಮಾಮಾ ಕೆಂಡವಾದರು.

“ಗಂಟಿ ಬಾರಿಸಿದ್ರ ಅಡಗಿಮನಿಗೆ ಕೇಳಸ್ತದ.”

ಮಾಮಾ ಜೇಬಿನ ಚೀಟಿ ತೆಗೆದು ಕನ್ನಡಕ ಏರಿಸಿದರು. “ಹಳಿಯಾಳದ ಗಂಟಿ ಇದಕ್ಕಿಂತ ಜೋರ ಐತಿ.”